ಗುದ್ದಿದರೆ ಕಾರು ಜಜ್ಜಲೇಬೇಕು: ರೇಸಿಂಗ್ ಸಿಮ್‌ಗಳಲ್ಲಿ ಅಸಲಿ ಡ್ಯಾಮೇಜ್‌ಗೆ ಒಂದು ಸಮಗ್ರ ಮಾರ್ಗದರ್ಶಿ

ಗಂಟೆಗೆ 180 ಕಿಲೋಮೀಟರ್ ವೇಗದಲ್ಲಿ ತಡೆಗೋಡೆಗೆ ಗುದ್ದುತ್ತೀರಿ. ಬಂಪರ್ ಮೇಲೆ ಎರಡು ಗೀರು. ರಿವರ್ಸ್ ಹಾಕಿ, ಸ್ಟೀರಿಂಗ್ ತಿರುಗಿಸಿ, ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ರೇಸ್‌ಗೆ ಹೊರಡುತ್ತೀರಿ. ನಾನೂ ಎಷ್ಟೋ ವರ್ಷ ಹೀಗೇ ಆಡಿದೆ. ತಿರುವಿನಲ್ಲಿ ಸರಿಯಾಗಿ ಬ್ರೇಕ್ ಹಾಕುವುದನ್ನು ಕಲಿಯುವ ಬದಲು, ಪಕ್ಕದ ಕಾರಿಗೆ ಒರಗಿಕೊಂಡು ತಿರುಗುವುದನ್ನೇ ಚೆನ್ನಾಗಿ ಕಲಿತಿದ್ದೆ. ಡ್ಯಾಮೇಜ್ ಪೂರ್ತಿ ಆನ್ ಮಾಡಿದ ಮೊದಲ ವಾರ ಒಂದೇ ಒಂದು ರೇಸ್ ಮುಗಿಸಲಾಗಲಿಲ್ಲ. ನಾಚಿಕೆಯಾಯಿತು, ಆದರೆ ಆಫ್ ಮಾಡಲಿಲ್ಲ.

ಈ ಬರಹ ಪಿಸಿಯಲ್ಲಿ ಸಿಮ್, ಅಂದರೆ ನಿಜವಾದ ಕಾರು ಓಡಿಸಿದ ಹಾಗೇ ಇರಬೇಕು ಅಂತ ಮಾಡಿದ ರೇಸಿಂಗ್ ಗೇಮ್, ಆಡುವವರಿಗೆ. ಸ್ಟೀರಿಂಗ್ ವೀಲ್ ಇದ್ದರೆ ಒಳ್ಳೆಯದು, ಕಂಟ್ರೋಲರ್ ಇದ್ದರೂ ನಡೆಯುತ್ತದೆ. ಯಾವ ಗೇಮ್ ಹಿಡಿಯಬೇಕು, ಯಾವ ಸೆಟ್ಟಿಂಗ್ ತಿರುಗಿಸಬೇಕು, ಜಜ್ಜಿದ ಕಾರನ್ನು ಹೇಗೆ ಓದಬೇಕು, ಕೊನೆಗೆ ಕಾರಿನ ಫೈಲ್ ತೆಗೆದು ಲೋಹದ ಗಟ್ಟಿತನವನ್ನೇ ಹೇಗೆ ಬದಲಿಸಬೇಕು, ಎಲ್ಲಾ ಒಂದೊಂದಾಗಿ ಹೇಳುತ್ತೇನೆ.

ಹೆಜ್ಜೆ 1: ಎರಡು ಲೆಕ್ಕ ಬೇರೆ ಬೇರೆ ಅಂತ ತಿಳಿದುಕೊಳ್ಳಿ

ಗೇಮ್‌ಗಳಲ್ಲಿ ಡ್ಯಾಮೇಜ್ ಅಂದರೆ ಎರಡು ಲೆಕ್ಕ. ಒಂದು ಕಣ್ಣಿಗೆ ಕಾಣುವುದು: ಗೀರು, ಒಡೆದ ಗಾಜು, ನೇತಾಡುವ ಬಂಪರ್. ಇನ್ನೊಂದು ಓಡಿಸುವಾಗ ಕೈಗೆ ಗೊತ್ತಾಗುವುದು: ಸಸ್ಪೆನ್ಷನ್ ಬಾಗಿದೆ, ರೇಡಿಯೇಟರ್ ಸೋರುತ್ತಿದೆ, ಕಾರಿನ ಹಿಂದಿನ ರೆಕ್ಕೆ (ವಿಂಗ್) ಹೋಗಿ ಹಿಂಬದಿ ಜಾರುತ್ತಿದೆ. ಬಹಳಷ್ಟು ಗೇಮ್‌ಗಳಲ್ಲಿ ಈ ಎರಡಕ್ಕೂ ಸಂಬಂಧವೇ ಇರುವುದಿಲ್ಲ. ನೋಡಲು ಕಾರು ಚಿಂದಿಯಾಗಿರುತ್ತದೆ, ಓಡಿಸಿದರೆ ಹೊಸದರ ಹಾಗೇ ಇರುತ್ತದೆ. ಅಥವಾ ಉಲ್ಟಾ, ಹೊರಗೆ ಒಂದು ಗೀರೂ ಇಲ್ಲ, ಆದರೆ ಸ್ಟೀರಿಂಗ್ ಎಡಕ್ಕೆ ಎಳೆಯುತ್ತಿರುತ್ತದೆ.

ಕಾರಣ ಸರಳ. ಸಾಮಾನ್ಯ ರೇಸಿಂಗ್ ಗೇಮ್‌ಗೆ ಕಾರು ಅಂದರೆ ಒಂದು ಗಟ್ಟಿ ಇಟ್ಟಿಗೆ, ಅದಕ್ಕೆ ನಾಲ್ಕು ಚಕ್ರ. ಇಟ್ಟಿಗೆ ಬಾಗುವುದಿಲ್ಲ. ಗುದ್ದಿದಾಗ ಎಷ್ಟು ಜೋರಾಗಿ, ಯಾವ ಮೂಲೆಗೆ ಅಂತ ಗೇಮ್ ಒಂದು ಅಂಕಿ ಲೆಕ್ಕ ಹಾಕುತ್ತದೆ, ಆ ಅಂಕಿಗೆ ತಕ್ಕಂತೆ ಮೊದಲೇ ಮಾಡಿಟ್ಟ ಜಜ್ಜಿದ ಚಿತ್ರವನ್ನು ತಂದು ತೋರಿಸುತ್ತದೆ.

ಇನ್ನೊಂದು ದಾರಿ ಸಾಫ್ಟ್ ಬಾಡಿ. ಇಲ್ಲಿ ಕಾರು ಬಿದಿರಿನ ಬುಟ್ಟಿಯ ಹಾಗೆ. ತೂಕವಿರುವ ನೂರಾರು ಗಂಟುಗಳು, ಅವುಗಳ ನಡುವೆ ಸ್ಪ್ರಿಂಗಿನಂಥ ಕಡ್ಡಿಗಳು. ಒಂದು ಕಡೆ ಒತ್ತಿದರೆ ಪಕ್ಕದ ಹೆಣಿಗೆಯೂ ಎಳೆದುಕೊಳ್ಳುತ್ತದೆ. ಜಜ್ಜಿದ ಚಿತ್ರವನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ, ಗುದ್ದಿದಾಗ ಅದು ಅಲ್ಲೇ ಹುಟ್ಟುತ್ತದೆ. ಹೀಗಾಗಿ ಎರಡು ಲೆಕ್ಕವೂ ಒಂದೇ ಆಗುತ್ತದೆ. ಫೆಂಡರ್ (ಚಕ್ರದ ಮೇಲಿನ ತಗಡು) ಒಳಕ್ಕೆ ಬಾಗಿ ಟೈರ್‌ಗೆ ಉಜ್ಜಿದರೆ, ಅದು ನಿಜವಾಗಿಯೂ ಉಜ್ಜುತ್ತಿದೆ ಅಂತಲೇ ಅರ್ಥ.

ಹೆಜ್ಜೆ 2: ಗೇಮ್ ಆರಿಸಿ

ನನ್ನ ಮಟ್ಟಿಗೆ ಡ್ಯಾಮೇಜ್ ಕಲಿಯಲು ಮೊದಲ ಆಯ್ಕೆ ಬೀಮ್‌ಎನ್‌ಜಿ ಡ್ರೈವ್, ಅನುಮಾನವೇ ಇಲ್ಲ. ಜರ್ಮನಿಯ ಬ್ರೆಮೆನ್ ಊರಿನ ತಂಡ. ಅದಕ್ಕೂ ಮುಂಚೆ ರಿಗ್ಸ್ ಆಫ್ ರಾಡ್ಸ್ ಎಂಬ ಉಚಿತ ಓಪನ್ ಸೋರ್ಸ್ ಗೇಮ್‌ನಲ್ಲಿ ಕೈ ಪಳಗಿಸಿದ್ದವರು. 2013ರಲ್ಲಿ ಮೊದಲ ಆವೃತ್ತಿ ಮಾರಾಟಕ್ಕೆ ಬಂತು, 2015ರಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಗೆ ಬಂತು. ಇದರಲ್ಲಿ ಟೊಯೊಟಾ, ಬಿಎಂಡಬ್ಲ್ಯು ಹುಡುಕಬೇಡಿ. ಇಬಿಶು, ಗ್ಯಾವ್ರಿಲ್, ಇಟಿಕೆ, ಹಿರೋಚಿ ಅಂತ ಎಲ್ಲಾ ಕಟ್ಟಿದ ಹೆಸರುಗಳು. ಇದು ಕೊರತೆ ಅಲ್ಲ, ಅನುಕೂಲ. ನಿಜವಾದ ಕಾರು ಕಂಪನಿಗಳಿಗೆ ತಮ್ಮ ಮಾಡೆಲ್ ಪರದೆಯ ಮೇಲೆ ಅಪ್ಪಚ್ಚಿಯಾಗುವುದು ಇಷ್ಟವಾಗುವುದಿಲ್ಲ. ಹೆಸರೇ ಕಟ್ಟುಕಥೆಯಾದ ಮೇಲೆ ಯಾರ ಅಪ್ಪಣೆಯೂ ಬೇಡ, ಎಷ್ಟು ಬೇಕಾದರೂ ಜಜ್ಜಬಹುದು. ನಿಜವಾದ ಕಾರುಗಳನ್ನು ಇಟ್ಟುಕೊಂಡ ಗ್ರ್ಯಾನ್ ಟುರಿಸ್ಮೊ ಶುರುವಾದದ್ದು 1997ರಲ್ಲಿ, ಕಣ್ಣಿಗೆ ಕಾಣುವ ಡ್ಯಾಮೇಜ್ ಬಂದದ್ದು 2010ರ ಐದನೇ ಭಾಗದಲ್ಲಿ. ಲೆಕ್ಕ ಹಾಕಿ.

ಬರೀ ಗುದ್ದಾಟದ ಮಜಾ ಬೇಕಿದ್ದರೆ ಫಿನ್ಲೆಂಡಿನ ಬಗ್‌ಬೇರ್ ತಂಡದ ರೆಕ್‌ಫೆಸ್ಟ್. ಕಾರುಗಳು ಚೆನ್ನಾಗಿ ಮಡಚಿಕೊಳ್ಳುತ್ತವೆ, 24 ಕಾರು ಒಟ್ಟಿಗೆ ಗುದ್ದಾಡಿದರೂ ಪಿಸಿ ಉಸಿರು ಬಿಡುವುದಿಲ್ಲ. ಅದು ಸಿಮ್ ಅಲ್ಲ ಅಂತ ಕೆಲವರು ಮೂಗು ಮುರಿಯುತ್ತಾರೆ, ಮುರಿಯಲಿ ಬಿಡಿ.

ಸರ್ಕ್ಯೂಟ್ ರೇಸಿಂಗ್ ಆದರೆ ಇಟಲಿಯ ಕುನೋಸ್ ತಂಡದ ಅಸೆಟ್ಟೊ ಕೋರ್ಸಾ, ಅದರ ತಮ್ಮ ಅಸೆಟ್ಟೊ ಕೋರ್ಸಾ ಕಾಂಪೆಟಿಜಿಯೋನೆ, ಇಲ್ಲವೇ ಐರೇಸಿಂಗ್. ಇವುಗಳಲ್ಲಿ ನೋಟ ಸಾಧಾರಣ, ಪೆಟ್ಟಿನ ಪರಿಣಾಮ ಮಾತ್ರ ಖಾರವಾಗಿರುತ್ತದೆ. ರ‍್ಯಾಲಿ ಇಷ್ಟಪಡುವವರಿಗೆ 2004ರ ರಿಚರ್ಡ್ ಬರ್ನ್ಸ್ ರ‍್ಯಾಲಿ. ಹಳೆಯದು ಅಂತ ಬಿಡಬೇಡಿ. ಅಭಿಮಾನಿಗಳು ಇವತ್ತಿಗೂ ಮಾಡ್ (ಆಡುವವರೇ ಮಾಡಿ ಸೇರಿಸುವ ಬದಲಾವಣೆ) ಹಾಕಿ ಜೀವಂತ ಇಟ್ಟಿದ್ದಾರೆ, ಮತ್ತು ದಾರಿ ಬದಿಯ ಒಂದು ಕಲ್ಲು ಇಡೀ ರ‍್ಯಾಲಿ ಮುಗಿಸಿಬಿಡುವ ಭಯವನ್ನು ಅದರಷ್ಟು ಚೆನ್ನಾಗಿ ತಂದದ್ದು ನನಗೆ ಬೇರೆ ಸಿಕ್ಕಿಲ್ಲ. ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣು ದಾರಿಗಳಲ್ಲಿ ರ‍್ಯಾಲಿ ನೋಡಿದವರಿಗೆ ಆ ಭಯ ಏನು ಅಂತ ಹೇಳಬೇಕಾಗಿಲ್ಲ.

ಹೆಜ್ಜೆ 3: ಸೆಟ್ಟಿಂಗ್ ಪೂರ್ತಿ ತಿರುಗಿಸಿ

ಅಸೆಟ್ಟೊ ಕೋರ್ಸಾದಲ್ಲಿ ರಿಯಲಿಸಂ ಭಾಗಕ್ಕೆ ಹೋಗಿ ಮೆಕ್ಯಾನಿಕಲ್ ಡ್ಯಾಮೇಜ್ ಸ್ಲೈಡರ್ 100ಕ್ಕೆ ತನ್ನಿ. ಈ ಗೇಮ್‌ಗೆ ಬೇರೆಯವರು ಮಾಡಿದ ಲಾಂಚರ್ ಕಂಟೆಂಟ್ ಮ್ಯಾನೇಜರ್ ಬಳಸುತ್ತಿದ್ದರೆ ಅಸಿಸ್ಟ್ಸ್ ಪ್ರೀಸೆಟ್ ಒಳಗೆ ಇದೇ ಸ್ಲೈಡರ್ ಇದೆ. ಟೈರ್ ಸವೆತವನ್ನೂ ಜೊತೆಗೇ ಆನ್ ಮಾಡಿ. ಇಲ್ಲಿ ಡ್ಯಾಮೇಜ್ ಅಂದರೆ ಗುದ್ದುವುದು ಮಾತ್ರ ಅಲ್ಲ. ನಾಲ್ಕನೇ ಗೇರಿನಿಂದ ಅವಸರದಲ್ಲಿ ಎರಡಕ್ಕೆ ಇಳಿಸಿದರೆ ಎಂಜಿನ್ ಮಿತಿ ಮೀರಿ ತಿರುಗಿ ಹಾಳಾಗುತ್ತದೆ. ಮೊದಲ ಸಲ ಇದು ಆದಾಗ ಗೇಮ್‌ನಲ್ಲೇ ಏನೋ ಬಗ್ ಇದೆ ಅಂದುಕೊಂಡು ಅರ್ಧ ಗಂಟೆ ಹುಡುಕಾಡಿದ್ದೆ.

ಕಾಂಪೆಟಿಜಿಯೋನೆಯಲ್ಲಿ ಒಬ್ಬರೇ ಆಡುವಾಗ ರಿಯಲಿಸಂ ಆಯ್ಕೆಗಳಲ್ಲಿ ಡ್ಯಾಮೇಜ್ ನೋಡಿಕೊಳ್ಳಿ. ಆನ್‌ಲೈನ್ ರೇಸ್‌ನಲ್ಲಿ ಆಯ್ಕೆ ನಿಮ್ಮ ಕೈಯಲ್ಲಿಲ್ಲ. ಐರೇಸಿಂಗ್‌ನ ಅಧಿಕೃತ ಸರಣಿಗಳಲ್ಲೂ ಅಷ್ಟೇ. ಅಲ್ಲಿ ಪೆಟ್ಟಿನ ಜೊತೆ ಇನ್ಸಿಡೆಂಟ್ ಪಾಯಿಂಟ್ ಬೇರೆ: ಟ್ರ್ಯಾಕ್ ಬಿಟ್ಟರೆ 1, ಕಾರು ಹಿಡಿತ ತಪ್ಪಿ ಸುತ್ತಿದರೆ 2, ಇನ್ನೊಂದು ಕಾರಿಗೆ ಜೋರಾಗಿ ಗುದ್ದಿದರೆ 4. ತಪ್ಪು ಯಾರದು ಅಂತ ಅದು ಕೇಳುವುದಿಲ್ಲ, ಗುದ್ದಿಸಿಕೊಂಡವರಿಗೂ 4 ಬರುತ್ತದೆ. ಅನ್ಯಾಯ ಅನಿಸುತ್ತದೆ, ಆದರೆ ಆ ಹೆದರಿಕೆಗೇ ಜನ ಜಾಗ ಬಿಡುತ್ತಾರೆ.

ರೆಕ್‌ಫೆಸ್ಟ್‌ನಲ್ಲಿ ವೆಹಿಕಲ್ ಡ್ಯಾಮೇಜ್ ಅನ್ನು ರಿಯಲಿಸ್ಟಿಕ್‌ಗೆ ಬದಲಿಸಿ. ನಾರ್ಮಲ್‌ನಲ್ಲಿ ಕಾರು ಅತಿಯಾಗಿ ತಡೆದುಕೊಳ್ಳುತ್ತದೆ.

ಬೀಮ್‌ಎನ್‌ಜಿಯಲ್ಲಿ ಯಾವ ಸ್ಲೈಡರೂ ಮುಟ್ಟಬೇಕಿಲ್ಲ, ಡ್ಯಾಮೇಜ್ ಯಾವಾಗಲೂ ಇರುತ್ತದೆ. ಅಲ್ಲಿನ ನಿಜವಾದ ಶತ್ರು ಆರ್ ಕೀ. ಅದನ್ನು ಒತ್ತಿದರೆ ಕಾರು ಮತ್ತೆ ಹೊಸದು. ಆಪ್ಷನ್ಸ್‌ನ ಕಂಟ್ರೋಲ್ಸ್‌ಗೆ ಹೋಗಿ, ಆರ್ ಮತ್ತು ಇನ್ಸರ್ಟ್ ಎರಡರಿಂದಲೂ ರಿಸೆಟ್ ಕೆಲಸವನ್ನು ತೆಗೆದುಹಾಕಿ. ಸುಮ್ನೆ ಹೇಳುತ್ತಿಲ್ಲ, ಈ ಇಡೀ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಗುದ್ದಿದ ಮೇಲೆ ಬೆರಳು ತಾನಾಗಿಯೇ ಆರ್ ಕಡೆ ಹೋಗುತ್ತದೆ, ಅಲ್ಲಿ ಏನೂ ಆಗುವುದಿಲ್ಲ, ಆಗ ಮೊದಲ ಸಲ ಕಾರಿನ ಕಡೆ ಸರಿಯಾಗಿ ನೋಡುತ್ತೀರಿ. ಕರಿಯರ್ ಮೋಡ್‌ನಲ್ಲಿ ಆಡಿದರೆ ವಿಮೆ, ರಿಪೇರಿ ಖರ್ಚು ಎಲ್ಲಾ ತಲೆ ಮೇಲೆ ಕೂರುತ್ತದೆ. ಅದು ಇನ್ನೂ ಒಳ್ಳೆಯ ಮೇಷ್ಟ್ರು.

ಪಿಸಿ ವಿಷಯ ಒಂದು ಮಾತು. ಇದಕ್ಕೆ ಗ್ರಾಫಿಕ್ಸ್ ಕಾರ್ಡ್‌ಗಿಂತ ಪ್ರೊಸೆಸರ್ ಮುಖ್ಯ. ಬೀಮ್‌ಎನ್‌ಜಿ ಸೆಕೆಂಡಿಗೆ 2000 ಸಲ ಪ್ರತಿ ಗಂಟು, ಪ್ರತಿ ಕಡ್ಡಿಯ ಲೆಕ್ಕ ಹಾಕುತ್ತದೆ. ಕಾರು ಹೆಚ್ಚಿದಷ್ಟೂ ಪ್ರೊಸೆಸರ್‌ಗೆ ಹೊರೆ. ಹಳೆಯ ಲ್ಯಾಪ್‌ಟಾಪ್ ಆದರೆ ಒಂದೆರಡು ಕಾರು ಸಾಕು, ಟ್ರಾಫಿಕ್ ಬೇಡ.

ಹೆಜ್ಜೆ 4: ಗೋಡೆ ಪರೀಕ್ಷೆ

ರೇಸ್‌ಗೆ ಹೋಗುವ ಮುಂಚೆ ಒಂದು ಸಂಜೆ ಇದಕ್ಕೆ ಕೊಡಿ. ಬೀಮ್‌ಎನ್‌ಜಿ ತೆರೆದು ಗ್ರಿಡ್‌ಮ್ಯಾಪ್ ಎಂಬ ಮ್ಯಾಪ್ ಹಾಕಿ, ಇಬಿಶು ಕೋವೆಟ್ ತೆಗೆದುಕೊಳ್ಳಿ. ಚಿಕ್ಕ ಹ್ಯಾಚ್‌ಬ್ಯಾಕ್, ನಮ್ಮ ಊರಿನ ರಸ್ತೆಯಲ್ಲಿ ಓಡಾಡುವ ಕಾರುಗಳ ಅಳತೆ. ಅಲುಗಾಡದ ಒಂದು ಗೋಡೆ ಹುಡುಕಿ. ಸ್ಕ್ರೀನ್ ಆ್ಯಪ್‌ಗಳ ಪಟ್ಟಿಯಿಂದ ಕ್ರೂಸ್ ಕಂಟ್ರೋಲ್ ಹಾಕಿಕೊಳ್ಳಿ, ವೇಗ ಪ್ರತಿ ಸಲ ಒಂದೇ ಇರಬೇಕಲ್ಲ. (ಈ ಪರೀಕ್ಷೆಗೆ ಮಾತ್ರ ರಿಸೆಟ್ ಕೀ ಬೇಕು. ಆಮೇಲೆ ಮತ್ತೆ ತೆಗೆಯಿರಿ, ಮರೆಯಬೇಡಿ.)

ಮೂರು ಸಲ ಗುದ್ದಿ: 30, 60, 90 ಕಿಲೋಮೀಟರ್ ವೇಗದಲ್ಲಿ.

ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು ಅಂತ ಶಾಲೆಯಲ್ಲಿ ಓದಿರುತ್ತೇವೆ, ಪರೀಕ್ಷೆಯಲ್ಲಿ ಬರೆದಿರುತ್ತೇವೆ, ಮರೆತೂ ಇರುತ್ತೇವೆ. 1000 ಕಿಲೋ ಕಾರಿಗೆ 30ರ ವೇಗದಲ್ಲಿ ಸುಮಾರು 35 ಕಿಲೋಜೌಲ್, 60ಕ್ಕೆ 139, 90ಕ್ಕೆ 312. ಈ ಅಂಕಿ ತಲೆಗೆ ಹತ್ತದಿದ್ದರೆ ಎತ್ತರದ ಲೆಕ್ಕದಲ್ಲಿ ನೋಡಿ. 30ರ ವೇಗದಲ್ಲಿ ಗುದ್ದುವುದು ಮೂರೂವರೆ ಮೀಟರ್ ಮೇಲಿಂದ ಬಿದ್ದ ಹಾಗೆ, ಅಂದರೆ ಒಂದಂತಸ್ತಿನ ಮನೆಯ ತಾರಸಿ. 60 ಅಂದರೆ 14 ಮೀಟರ್. 90 ಅಂದರೆ 32 ಮೀಟರ್, ಹತ್ತು ಅಂತಸ್ತಿನ ಅಪಾರ್ಟ್‌ಮೆಂಟ್ ಮೇಲಿಂದ. ಇಷ್ಟು ತಿಳಿದ ಮೇಲೆ ನನಗೆ ನಿಜವಾದ ರಸ್ತೆಯಲ್ಲೂ ಕಾಲು ಸ್ವಲ್ಪ ಹಗುರವಾಯಿತು.

ಈಗ ನಿಧಾನಗತಿಯಲ್ಲಿ ನೋಡಿ, ಇದು ಬಹಳ ಮುಖ್ಯ. 60ರ ವೇಗದ ಕಾರಿನ ಮುಂಭಾಗ ಸುಮಾರು 60 ಸೆಂಟಿಮೀಟರ್ ಮಡಚಿ ನಿಂತಿತು ಅಂದುಕೊಳ್ಳಿ. ಇಡೀ ಘಟನೆ ಮುಗಿಯಲು 0.07 ಸೆಕೆಂಡ್ ಸಾಕು. ನಿಮ್ಮ ಪರದೆ ಸೆಕೆಂಡಿಗೆ 60 ಚಿತ್ರ ತೋರಿಸಿದರೆ, ಅಪಘಾತದ್ದು ನಾಲ್ಕೇ ಚಿತ್ರ. ಕಣ್ಣು ಮಿಟುಕಿಸುವುದರೊಳಗೆ ಮುಗಿದಿರುತ್ತದೆ. ಜೆ ಒತ್ತಿದರೆ ಫಿಸಿಕ್ಸ್ ನಿಲ್ಲುತ್ತದೆ, ಸ್ಲೋ ಮೋಷನ್ ಕೀಗಳು ಕಂಟ್ರೋಲ್ಸ್ ಪಟ್ಟಿಯಲ್ಲಿ ಸಿಗುತ್ತವೆ. ನಿಧಾನಗೊಳಿಸಿ, ಕ್ಯಾಮೆರಾ ಪಕ್ಕಕ್ಕೆ ತಂದು ನೋಡಿ: ಮೊದಲು ಬಂಪರ್, ಆಮೇಲೆ ರೇಡಿಯೇಟರ್, ಬಾನೆಟ್ ಮಧ್ಯದಲ್ಲಿ ಮೇಲಕ್ಕೆ ಮಡಚಿಕೊಳ್ಳುತ್ತದೆ, ಆಮೇಲೆ ಎಂಜಿನ್ ಹಿಂದಕ್ಕೆ. ಸೆಕೆಂಡಿಗೆ 2000 ಲೆಕ್ಕ ಯಾಕೆ ಬೇಕು ಅನ್ನುವುದೂ ಇಲ್ಲೇ ಅರ್ಥವಾಗುತ್ತದೆ. 100ರ ವೇಗದಲ್ಲಿ ಕಾರು ಎರಡು ಲೆಕ್ಕಗಳ ನಡುವೆ 1.4 ಸೆಂಟಿಮೀಟರ್ ಮಾತ್ರ ಮುಂದೆ ಹೋಗಿರುತ್ತದೆ. ಪರದೆಯ 60ರ ಲೆಕ್ಕದಲ್ಲಾದರೆ 46 ಸೆಂಟಿಮೀಟರ್. ಅಷ್ಟರಲ್ಲಿ ಬಂಪರ್ ಗೋಡೆಯೊಳಗೇ ಹೊಕ್ಕಿರುತ್ತದೆ.

ಮುಂದಿನದು ಅರ್ಧ ಗುದ್ದು. ಗೋಡೆಯ ಅಂಚಿಗೆ ಕಾರಿನ ಮುಂಭಾಗದ ಶೇಕಡಾ 40 ಮಾತ್ರ ತಾಗುವ ಹಾಗೆ 64ರ ವೇಗದಲ್ಲಿ ಹೋಗಿ. ಈ ಅಂಕಿ ನಾನು ಕಟ್ಟಿದ್ದಲ್ಲ. 2023ರ ಅಕ್ಟೋಬರ್‌ನಲ್ಲಿ ಶುರುವಾದ ಭಾರತ್ ಎನ್‌ಕ್ಯಾಪ್ ಎಂಬ ಸುರಕ್ಷತಾ ಪರೀಕ್ಷೆಯಲ್ಲಿ ನಮ್ಮ ಕಾರುಗಳನ್ನು ಎದುರಿನಿಂದ ಗುದ್ದಿಸಿ ನೋಡುವ ವೇಗ ಇದೇ 64. ಅಲ್ಲಿ ಗೋಡೆಯ ಮುಂದೆ ಮಡಚಿಕೊಳ್ಳುವ ತಡೆ ಇರುತ್ತದೆ, ನಮ್ಮದು ಬರೀ ಗೋಡೆ, ಹೀಗಾಗಿ ಫಲಿತಾಂಶ ಹೋಲಿಸಬೇಡಿ. ನೋಡಬೇಕಾದ್ದು ಒಂದೇ. ಪೂರ್ತಿ ಗುದ್ದಿನಲ್ಲಿ ಮುಂಭಾಗದ ಎಡ ಬಲ ಎರಡೂ ಉದ್ದ ತೊಲೆಗಳು ಹೊರೆ ಹಂಚಿಕೊಳ್ಳುತ್ತವೆ. ಅರ್ಧ ಗುದ್ದಿನಲ್ಲಿ ಒಂದರ ಮೇಲೇ ಎಲ್ಲಾ. ಚಾಲಕನ ಕಡೆ ಬಾಗಿಲಿನ ಸಂದು ನೋಡಿ, ಮುಂದಿನ ಗಾಜಿನ ಪಕ್ಕದ ಕಂಬ ಎಷ್ಟು ಹಿಂದಕ್ಕೆ ಬಂದಿದೆ ನೋಡಿ.

ಹೆಜ್ಜೆ 5: ಜಜ್ಜಿದ ಕಾರನ್ನು ಓಡಿಸಿಕೊಂಡು ಮನೆಗೆ ಬನ್ನಿ

ಹೆಚ್ಚಿನವರು ಬಿಡುವ ಹೆಜ್ಜೆ ಇದು, ನನಗೆ ಅತಿ ಇಷ್ಟವಾದದ್ದೂ ಇದೇ.

ಬೀಮ್‌ಎನ್‌ಜಿಯ ಇಟಲಿ ಅಥವಾ ವೆಸ್ಟ್ ಕೋಸ್ಟ್ ಮ್ಯಾಪ್ ಹಾಕಿ. 40ರ ವೇಗದಲ್ಲಿ ಮುಂದಿನ ಎಡ ಚಕ್ರವನ್ನು ಫುಟ್‌ಪಾತಿನ ಅಂಚಿಗೆ ಬೇಕಂತಲೇ ಓರೆಯಾಗಿ ಗುದ್ದಿಸಿ. ಆಮೇಲೆ ಐದು ಕಿಲೋಮೀಟರ್ ಓಡಿಸಿ. ಸ್ಟೀರಿಂಗ್ ನೇರ ಹಿಡಿದರೆ ಕಾರು ಓರೆ ಹೋಗುತ್ತದೆ, ಕಾರು ನೇರ ಹೋಗಬೇಕಿದ್ದರೆ ಸ್ಟೀರಿಂಗ್ ಓರೆ ಹಿಡಿಯಬೇಕು. ಗ್ಯಾರೇಜಿನವರು ಅಲೈನ್‌ಮೆಂಟ್ ಹೋಗಿದೆ ಅನ್ನುತ್ತಾರಲ್ಲ, ಅದು. ಬ್ರೇಕ್ ಹಾಕಿದಾಗ ಯಾವ ಕಡೆ ಎಳೆಯುತ್ತದೆ, ಎಡ ತಿರುವಿಗೂ ಬಲ ತಿರುವಿಗೂ ಹಿಡಿತ ಎಷ್ಟು ವ್ಯತ್ಯಾಸ, ಇದನ್ನು ಬಾಯಿಬಿಟ್ಟು ಹೇಳಿಕೊಳ್ಳಿ. ಮನೆಯವರು ವಿಚಿತ್ರವಾಗಿ ನೋಡುತ್ತಾರೆ, ಪರವಾಗಿಲ್ಲ.

ಎರಡನೇ ಪಾಠ ರೇಡಿಯೇಟರ್. ಮುಂದಿನ ಪೆಟ್ಟಿಗೆ ಅದು ಸೋರತೊಡಗಿದರೆ ಕಾರು ತಕ್ಷಣ ನಿಲ್ಲುವುದಿಲ್ಲ. ಒಂದೆರಡು ನಿಮಿಷ ಎಲ್ಲಾ ಸರಿ ಅನಿಸುತ್ತದೆ. ಆಮೇಲೆ ತಾಪಮಾನದ ಮುಳ್ಳು ಏರುತ್ತದೆ, ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಎರಡು ಭಾಗಗಳ ನಡುವಿನ ಸೀಲ್) ಹೋಯಿತು ಅಂತ ಸಂದೇಶ ಬರುತ್ತದೆ, ಶಕ್ತಿ ಇಳಿಯುತ್ತದೆ, ಕೊನೆಗೆ ಎಂಜಿನ್ ಸೀಜ್ ಆಗಿ ನಿಂತೇಹೋಗುತ್ತದೆ. ತಾಪಮಾನ ತೋರಿಸುವ ಆ್ಯಪ್ ಪರದೆ ಮೇಲೆ ಇಟ್ಟುಕೊಳ್ಳಿ. ಆಕ್ಸಿಲರೇಟರ್ ಬಿಟ್ಟು, ಮೇಲಿನ ಗೇರಿನಲ್ಲಿ ಮೆಲ್ಲಗೆ, ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ಉರುಳಿಸಿಕೊಂಡು ಎಷ್ಟು ದೂರ ಬರಬಹುದು ನೋಡಿ. (ಇಳಿಜಾರಿನ ಈ ಆಟ ಗೇಮ್‌ನಲ್ಲಿ ಮಾತ್ರ. ನಿಜವಾದ ಕಾರಿನಲ್ಲಿ ಎಂಜಿನ್ ಆಫ್ ಮಾಡಿದರೆ ಪವರ್ ಸ್ಟೀರಿಂಗ್ ಹೋಗುತ್ತದೆ, ಬ್ರೇಕೂ ಗಟ್ಟಿಯಾಗುತ್ತದೆ.)

ಅಸೆಟ್ಟೊ ಕೋರ್ಸಾದಲ್ಲಿ ಇದೇ ಅಭ್ಯಾಸಕ್ಕೆ ಜರ್ಮನಿಯ ನ್ಯೂರ್ಬರ್ಗ್‌ರಿಂಗಿನ ನಾರ್ಡ್‌ಶ್ಲೈಫೆ ಟ್ರ್ಯಾಕ್. ಒಂದು ಸುತ್ತು 20.8 ಕಿಲೋಮೀಟರ್. ಐದನೇ ಕಿಲೋಮೀಟರಿನಲ್ಲಿ ಸಸ್ಪೆನ್ಷನ್ ಬಾಗಿಸಿಕೊಂಡರೆ ಮುಂದಿನ ಹದಿನೈದು ನಿಮ್ಮ ಕರ್ಮ.

ಹೆಜ್ಜೆ 6: ಕಾರಿನ ಹೆಣಿಗೆಯನ್ನೇ ಬದಲಿಸಿ

ಇಲ್ಲಿಂದ ಸ್ವಲ್ಪ ಕೈ ಕೊಳೆಯಾಗುವ ಕೆಲಸ. ಬೀಮ್‌ಎನ್‌ಜಿಯ ಪ್ರತಿ ಕಾರೂ ಜೆಬೀಮ್ ಎಂಬ ಪಠ್ಯ ಫೈಲ್‌ಗಳಿಂದ ಆಗಿದೆ. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಪ್ರೋಗ್ರಾಮಿಂಗ್ ಬರಬೇಕಿಲ್ಲ, ತಾಳ್ಮೆ ಬೇಕು.

ಮೊದಲು ಮೂಲ ಫೈಲ್ ಮುಟ್ಟಬೇಡಿ. ಸ್ಟೀಮ್ ಫೋಲ್ಡರಿನಲ್ಲಿ ಬೀಮ್‌ಎನ್‌ಜಿ ಡ್ರೈವ್, ಅದರೊಳಗೆ ಕಂಟೆಂಟ್, ಅದರೊಳಗೆ ವೆಹಿಕಲ್ಸ್. ಅಲ್ಲಿ ಪ್ರತಿ ಕಾರಿಗೆ ಒಂದು ಜಿಪ್ ಇರುತ್ತದೆ. ಕೋವೆಟ್ ಜಿಪ್ ತೆರೆದು ಹೆಸರಿನಲ್ಲಿ ಬಂಪರ್ ಅಂತ ಇರುವ ಜೆಬೀಮ್ ಫೈಲನ್ನು ಮಾತ್ರ ನಕಲು ಮಾಡಿಕೊಳ್ಳಿ. ಇನ್ನು ಗೇಮ್ ಲಾಂಚರಿನಲ್ಲಿ ಯೂಸರ್ ಫೋಲ್ಡರ್ ತೆರೆಯುವ ಆಯ್ಕೆ ಇದೆ, ಅಲ್ಲಿ ಹೋಗಿ ಮಾಡ್ಸ್ ಒಳಗೆ ಅನ್‌ಪ್ಯಾಕ್ಡ್ ಎಂಬ ಫೋಲ್ಡರ್, ಅದರೊಳಗೆ ನಿಮಗಿಷ್ಟವಾದ ಹೆಸರಿನ ಒಂದು ಫೋಲ್ಡರ್, ಅದರೊಳಗೆ ಜಿಪ್‌ನಲ್ಲಿ ಇದ್ದ ಹಾಗೇ ವೆಹಿಕಲ್ಸ್, ಅದರೊಳಗೆ ಕೋವೆಟ್ ಅಂತ ಮಾಡಿ ನಕಲು ಫೈಲ್ ಇಡಿ. ದಾರಿ ಒಂದಕ್ಷರ ತಪ್ಪಿದರೂ ಗೇಮ್ ಸುಮ್ಮನೆ ಹಳೆಯದನ್ನೇ ಓದುತ್ತದೆ, ಏನೂ ಹೇಳುವುದಿಲ್ಲ. ನನ್ನ ಒಂದು ಭಾನುವಾರ ಇದಕ್ಕೇ ಹೋಗಿದೆ.

ಫೈಲ್ ಒಳಗೆ ನೋಡ್ಸ್ ಅಂತ ಒಂದು ಭಾಗ. ಪ್ರತಿ ಸಾಲು ಒಂದು ಗಂಟು: ಹೆಸರು, ಆಮೇಲೆ ಮೂರು ಅಂಕಿ. ಎಡ ಬಲ, ಹಿಂದೆ ಮುಂದೆ, ಮೇಲೆ ಕೆಳಗೆ, ಎಲ್ಲಾ ಮೀಟರ್‌ನಲ್ಲಿ. ನೋಡ್‌ವೇಟ್ ಅಂದರೆ ಆ ಗಂಟಿನ ತೂಕ ಕಿಲೋದಲ್ಲಿ. ಅದರ ಕೆಳಗೆ ಬೀಮ್ಸ್ ಭಾಗ, ಅಲ್ಲಿ ಪ್ರತಿ ಸಾಲು ಎರಡು ಗಂಟುಗಳ ನಡುವಿನ ಕಡ್ಡಿ. ಕಡ್ಡಿಯ ಗುಣ ಹೇಳುವ ಪದ ನಾಲ್ಕು.

ಬೀಮ್‌ಸ್ಪ್ರಿಂಗ್ ಅಂದರೆ ಎಷ್ಟು ಬಿಗಿ. ಬೀಮ್‌ಡ್ಯಾಂಪ್ ಅಂದರೆ ಅಲುಗಾಟ ಎಷ್ಟು ಬೇಗ ಸಾಯುತ್ತದೆ. ಇವೆರಡನ್ನು ಸದ್ಯಕ್ಕೆ ಬಿಡಿ. ಬೀಮ್‌ಡಿಫಾರ್ಮ್ ನಮಗೆ ಬೇಕಾದದ್ದು: ಎಷ್ಟು ನ್ಯೂಟನ್ ಬಲ ಬಿದ್ದರೆ ಕಡ್ಡಿ ಶಾಶ್ವತವಾಗಿ ಬಾಗುತ್ತದೆ. ಅಲ್ಲಿ 12000 ಅಂತ ಇದ್ದರೆ, ಸುಮಾರು 1200 ಕಿಲೋ ಭಾರ ಇಟ್ಟಷ್ಟು ಬಲದವರೆಗೆ ಅದು ಬಾಗಿದರೂ ಮತ್ತೆ ನೆಟ್ಟಗಾಗುತ್ತದೆ, ದಾಟಿದರೆ ಜಜ್ಜಿದ್ದು ಜಜ್ಜಿದ್ದೇ. ಬೀಮ್‌ಸ್ಟ್ರೆಂತ್ ಅಂದರೆ ಎಷ್ಟಕ್ಕೆ ಮುರಿದು ಬೇರೆಯಾಗುತ್ತದೆ. ಅಲ್ಲಿ ಅಂಕಿಯ ಬದಲು ಎಫ್‌ಎಲ್‌ಟಿ ಮ್ಯಾಕ್ಸ್ ಅಂತ ಇದ್ದರೆ ಮುರಿಯುವುದೇ ಇಲ್ಲ.

ಒಂದು ಎಚ್ಚರಿಕೆ. ಈ ಗುಣಗಳನ್ನು ಪ್ರತಿ ಕಡ್ಡಿಗೂ ಬರೆದಿರುವುದಿಲ್ಲ. ಸುರುಳಿ ಕಂಸದೊಳಗೆ ಒಂದು ಸಲ ಬರೆದರೆ, ಮುಂದೆ ಇನ್ನೊಂದು ಸಲ ಬದಲಾಗುವ ತನಕ ಕೆಳಗಿನ ಎಲ್ಲಾ ಸಾಲುಗಳಿಗೂ ಅದೇ ಅನ್ವಯ. ಒಂದು ಅಂಕಿ ಬದಲಿಸಿದೆ ಅಂದುಕೊಂಡು ನಲವತ್ತು ಕಡ್ಡಿ ಬದಲಿಸಿರುತ್ತೀರಿ.

ಈಗ ಪ್ರಯೋಗ. ಬಂಪರಿನ ಬೀಮ್‌ಡಿಫಾರ್ಮ್ ಅಂಕಿಗಳನ್ನೆಲ್ಲ ಅರ್ಧ ಮಾಡಿ ಉಳಿಸಿ. ಗೇಮ್‌ನಲ್ಲಿ ಕಂಟ್ರೋಲ್ ಹಿಡಿದು ಆರ್ ಒತ್ತಿದರೆ ಕಾರು ಹೊಸ ಫೈಲ್‌ನೊಂದಿಗೆ ಮತ್ತೆ ಲೋಡ್ ಆಗುತ್ತದೆ. ಗೇಮ್ ಮುಚ್ಚಿ ತೆರೆಯಬೇಕಿಲ್ಲ. 30ರ ವೇಗದಲ್ಲಿ ಗುದ್ದಿ. ಬಂಪರ್ ಬಿಸ್ಕತ್ ಡಬ್ಬಿಯ ಹಾಗೆ ಒಳಗೆ ಹೋಗುತ್ತದೆ. ಆಮೇಲೆ ಮೂಲ ಅಂಕಿಯ ಮೂರು ಪಟ್ಟು ಮಾಡಿ, ಮತ್ತೆ 30ರಲ್ಲಿ ಗುದ್ದಿ. ನಾನು ಇದನ್ನು ಮಾಡಿದಾಗ ಬಂಪರ್ ಹೊಸದರ ಹಾಗೆ ನಿಂತಿತು, ನಗುತ್ತಾ ಕ್ಯಾಮೆರಾ ಕೆಳಗೆ ತಂದೆ, ನೋಡಿದರೆ ಅದರ ಹಿಂದಿನ ಭಾಗಗಳೆಲ್ಲ ಮಡಚಿಕೊಂಡಿದ್ದವು, ರೇಡಿಯೇಟರ್ ಸೋರುತ್ತಿತ್ತು. ಶಕ್ತಿ ಎಲ್ಲಾದರೂ ಹೋಗಲೇಬೇಕಲ್ಲ. ಹಳೆಯ ಕಾರು ಏನು ಗಟ್ಟಿ ಮಾರಾಯ, ಈಗಿನದು ಬರೀ ಪ್ಲಾಸ್ಟಿಕ್ ಅಂತ ಟೀ ಅಂಗಡಿ ಮುಂದೆ ವಾದಿಸುವವರನ್ನು ಒಂದು ಸಲ ಈ ಪರದೆ ಮುಂದೆ ಕೂರಿಸಬೇಕು ಅನಿಸುತ್ತದೆ.

ಅಂಕಿ ಏರಿಸುವಾಗ ದುರಾಸೆ ಬೇಡ, ಅದರಲ್ಲೂ ಬೀಮ್‌ಸ್ಪ್ರಿಂಗ್ ವಿಷಯದಲ್ಲಿ. ಹಗುರ ಗಂಟಿಗೆ ಅತಿ ಬಿಗಿ ಕಡ್ಡಿ ಕಟ್ಟಿದರೆ ಅದು ಅರ್ಧ ಮಿಲಿಸೆಕೆಂಡಿಗಿಂತ ವೇಗವಾಗಿ ಕಂಪಿಸಲು ಹೊರಡುತ್ತದೆ, ಗೇಮ್‌ನ ಲೆಕ್ಕ ಅದನ್ನು ಹಿಡಿಯಲಾರದೆ ಪ್ರತಿ ಸಲ ಅತ್ತಿತ್ತ ಜಾಸ್ತಿ ಎಳೆದು, ಕೊನೆಗೆ ನಿಂತಲ್ಲೇ ಕಾರು ಮುಳ್ಳುಹಂದಿಯ ಹಾಗೆ ಸಿಡಿಯುತ್ತದೆ. ಅಸ್ಥಿರತೆ ಕಂಡುಬಂತು ಅಂತ ಸಂದೇಶ ಕೊಟ್ಟು ಗೇಮ್ ಫಿಸಿಕ್ಸ್ ನಿಲ್ಲಿಸುತ್ತದೆ. ಹೆದರಬೇಡಿ, ಏನೂ ಹಾಳಾಗಿಲ್ಲ. ಕೊನೆಗೆ ಬದಲಿಸಿದ ಅಂಕಿ ಇಳಿಸಿ, ಇಲ್ಲವೇ ನೋಡ್‌ವೇಟ್ ಸ್ವಲ್ಪ ಏರಿಸಿ. ಒಂದು ಸಲಕ್ಕೆ ಒಂದೇ ಅಂಕಿ ಬದಲಿಸಿ, ಹಳೆಯದನ್ನು ಒಂದು ಚೀಟಿಯಲ್ಲಿ ಬರೆದಿಡಿ.

ಹೆಜ್ಜೆ 7: ರೇಸ್ ನಡುವೆ ಪೆಟ್ಟು ಬಿದ್ದರೆ

ಇಟಲಿಯ ಮೋಂಜಾ ಟ್ರ್ಯಾಕಿನ ಮೊದಲ ತಿರುವು ಆನ್‌ಲೈನ್ ಆಡುವವರಿಗೆಲ್ಲ ಗೊತ್ತು. ಉದ್ದ ನೇರ ರಸ್ತೆ, ಕೊನೆಗೆ ಇಕ್ಕಟ್ಟಾದ ಚಿಕೇನ್ (ಒಂದರ ಹಿಂದೆ ಒಂದು ಉಲ್ಟಾ ದಿಕ್ಕಿನ ತಿರುವು), ಮೂವತ್ತು ಕಾರು ಒಂದೇ ಬಾಗಿಲಲ್ಲಿ ನುಗ್ಗಿದ ಹಾಗೆ. ಒಂದು ಗಂಟೆಯ ರೇಸ್‌ನಲ್ಲಿ ನನಗೆ ಹಿಂದಿನಿಂದ ಒಬ್ಬರು ಗುದ್ದಿದರು, ನಾನು ಮುಂದಿನವರಿಗೆ. ಕಾಂಪೆಟಿಜಿಯೋನೆಯಲ್ಲಿ ಒಳ್ಳೆಯ ಸಂಗತಿ ಏನೆಂದರೆ ರಿಪೇರಿಗೆ ಎಷ್ಟು ಸೆಕೆಂಡ್ ಅಂತ ಪರದೆ ಮೇಲೇ ತೋರಿಸುತ್ತದೆ. ನನಗೆ 25 ತೋರಿಸಿತು. ಕೋಪದಲ್ಲಿ ನೇರ ಪಿಟ್‌ಗೆ, ಅಂದರೆ ಟ್ರ್ಯಾಕ್ ಪಕ್ಕದ ರಿಪೇರಿ ಜಾಗಕ್ಕೆ, ಹೋದೆ. ತಪ್ಪು ಮಾಡಿದೆ.

ಲೆಕ್ಕ ಹೀಗೆ ಮಾಡಬೇಕು. ಮೊದಲು ಒಂದು ಪೂರ್ತಿ ಸುತ್ತು ಓಡಿಸಿ, ಮಾಮೂಲಿ ಸಮಯಕ್ಕಿಂತ ಎಷ್ಟು ಕಳೆದುಕೊಂಡಿರಿ ನೋಡಿ. 0.4 ಸೆಕೆಂಡ್ ಅಂದುಕೊಳ್ಳಿ. ಮೋಂಜಾದಲ್ಲಿ ಒಂದು ಗಂಟೆಗೆ ಜಿಟಿ3 ವರ್ಗದ ರೇಸ್ ಕಾರು ಸುಮಾರು 33 ಸುತ್ತು ಹಾಕುತ್ತದೆ. 32 ಸುತ್ತಿಗೆ ನಷ್ಟ 13 ಸೆಕೆಂಡ್. ರಿಪೇರಿಗೆ 25, ಪಿಟ್ ರಸ್ತೆಯಲ್ಲಿ ಹೋಗುವ ಸಮಯ ಬೇರೆ. ಹಾಗಾದರೆ ಓಡಿಸುತ್ತಲೇ ಇರಿ. ನಷ್ಟ ಸುತ್ತಿಗೆ 2 ಸೆಕೆಂಡ್ ಆದರೆ 64 ಸೆಕೆಂಡ್ ಹೋಗುತ್ತದೆ, ಆಗ ಪಿಟ್ ಲಾಭ. ಹೇಗೂ ಪಿಟ್‌ಗೆ ಹೋಗಲೇಬೇಕಾದ ರೇಸ್ ಆದರೆ ಆ ಹೊತ್ತಿನ ತನಕ ಕಾಯಿರಿ. ಪಿಟ್ ಮೆನುವಿನಲ್ಲಿ ಬಾಡಿ ಮತ್ತು ಸಸ್ಪೆನ್ಷನ್ ರಿಪೇರಿ ಬೇರೆ ಬೇರೆ ಆಯ್ಕೆಗಳು. ಸಸ್ಪೆನ್ಷನ್ ಮಾಡಿಸಿ, ಟಿಂಕರಿಂಗ್ ಕೆಲಸ ಚಿಕ್ಕದಿದ್ದರೆ ಬಿಡಿ. ಅಂದ ನೋಡಲು ಯಾರಿಗೂ ಪುರುಸೊತ್ತಿಲ್ಲ.

ಐರೇಸಿಂಗ್‌ನಲ್ಲಿ ಕಡ್ಡಾಯ ರಿಪೇರಿ ಮತ್ತು ಐಚ್ಛಿಕ ರಿಪೇರಿ ಅಂತ ಎರಡು ಸಮಯ ತೋರಿಸುತ್ತದೆ. ಕಪ್ಪು ಬಾವುಟದಲ್ಲಿ ಕಿತ್ತಳೆ ಚುಕ್ಕೆ ಕಂಡರೆ ಆಯ್ಕೆ ಇಲ್ಲ, ಒಳಗೆ ಬರಲೇಬೇಕು. ಐಚ್ಛಿಕವನ್ನು ನಡುವೆ ಬಿಟ್ಟು ಹೊರಡಬಹುದು.

ಹೆಜ್ಜೆ 8: ಕೈ ಜೋಪಾನ

ಗುದ್ದುವುದು ಖಚಿತ ಅಂತ ಗೊತ್ತಾದ ಕ್ಷಣ ಸ್ಟೀರಿಂಗ್ ಬಿಟ್ಟುಬಿಡಿ. ಫಾರ್ಮುಲಾ ಒನ್ ಚಾಲಕರು ಗೋಡೆಗೆ ಬಡಿಯುವ ಮುಂಚೆ ಕೈ ಎದೆಗೆ ಎಳೆದುಕೊಳ್ಳುವುದನ್ನು ನೋಡಿರುತ್ತೀರಿ. ನಮ್ಮಲ್ಲಿ ಬಹಳ ಜನರ ಬಳಿ ಇರುವ ಲಾಜಿಟೆಕ್ ಜಿ29ನಂಥ ಗೇರ್ ವೀಲ್‌ಗೆ 2 ನ್ಯೂಟನ್ ಮೀಟರ್ ಆಸುಪಾಸು ಬಲ, ಅದು ಕೈಗೆ ಏನೂ ಮಾಡಲಾರದು. ಮೋಟಾರಿಗೇ ನೇರ ಕೂರಿಸಿದ ಡೈರೆಕ್ಟ್ ಡ್ರೈವ್ ವೀಲ್ ಆದರೆ 8, 12, ಅದಕ್ಕೂ ಮೇಲೆ. ಸಾಫ್ಟ್ ಬಾಡಿ ಗೇಮ್‌ನಲ್ಲಿ ಚಕ್ರಕ್ಕೆ ಬಿದ್ದ ಪೆಟ್ಟು ನೇರ ಕೈಗೆ ಬರುತ್ತದೆ, ಹೆಬ್ಬೆರಳು ಕಡ್ಡಿಯೊಳಗೆ ಸಿಕ್ಕಿಕೊಂಡಿದ್ದರೆ ಉಳುಕುತ್ತದೆ. ಬೀಮ್‌ಎನ್‌ಜಿಗೆ ಬೇರೆಯೇ ಒಂದು ಪ್ರೊಫೈಲ್ ಮಾಡಿ ಬಲ ಅರ್ಧಕ್ಕೆ ಇಳಿಸಿಕೊಳ್ಳಿ, ಹೆಬ್ಬೆರಳು ವೀಲಿನ ಅಂಚಿನ ಮೇಲೆ ಇರಲಿ, ಒಳಗೆ ಸುತ್ತುವುದು ಬೇಡ.

ಕೊನೆಗೆ ಅಪ್‌ಡೇಟ್ ವಿಷಯ. ಬೀಮ್‌ಎನ್‌ಜಿ ಹೊಸ ಆವೃತ್ತಿ ಬಂದಾಗ ಕಾರಿನ ಮೂಲ ಫೈಲ್‌ಗಳೂ ಬದಲಾಗುತ್ತವೆ, ನೀವು ತಿದ್ದಿಟ್ಟ ಹಳೆಯ ಬಂಪರ್ ಹೊಸ ಕಾರಿಗೆ ಕೂರದೆ ರಸ್ತೆ ಮೇಲೆ ಬಿದ್ದಿರುತ್ತದೆ. ಆಗ ಗೇಮ್ ಕೆಟ್ಟಿದೆ ಅಂತ ದೂರು ಬರೆಯುವ ಮುಂಚೆ ಅನ್‌ಪ್ಯಾಕ್ಡ್ ಫೋಲ್ಡರಿನಿಂದ ನಿಮ್ಮ ಫೈಲ್ ತೆಗೆದು ಒಂದು ಸಲ ನೋಡಿ. ಕಾರು ಸರಿಯಾದರೆ, ಹೊಸ ಜಿಪ್‌ನಿಂದ ಫೈಲ್ ಮತ್ತೆ ನಕಲು ಮಾಡಿ, ಚೀಟಿಯಲ್ಲಿ ಬರೆದಿಟ್ಟ ಅಂಕಿಗಳನ್ನು ಒಂದೊಂದಾಗಿ ಹಾಕಿಕೊಂಡು ಬನ್ನಿ.